ಹತ್ತಿರದ, ಕೈಗೆಟುಕುವ ಸ್ಕೀ ತಾಣ ಆರಿಸಿಕೊಳ್ಳುವುದು ಹೇಗೆ? ಹೊರದೇಶದ ಹಿಮಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಸ್ಕೀ ರಜೆ ಎಂದರೆ ಮೊದಲು ನೆನಪಾಗುವುದು ಸ್ವಿಟ್ಜರ್‌ಲೆಂಡ್, ಆಮೇಲೆ ಫ್ರಾನ್ಸ್. ಅಲ್ಲಿನ ಹೋಟೆಲ್ ದರ ನೋಡಿದ ಮೇಲೆ ಎಷ್ಟೋ ಜನ ‘ಇದು ನಮ್ಮಂಥವರಿಗಲ್ಲ’ ಎಂದು ಆಸೆಯನ್ನೇ ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ. ಜಾರ್ಜಿಯಾ, ಬಲ್ಗೇರಿಯಾ, ಟರ್ಕಿ, ಕಜಾಕಿಸ್ತಾನ್, ಬೋಸ್ನಿಯಾ, ಸರ್ಬಿಯಾ, ಸ್ಲೊವಾಕಿಯಾ ಎಲ್ಲ ಕಡೆಯೂ ಒಳ್ಳೆಯ ಬೆಟ್ಟಗಳಿವೆ, ಇಳಿಜಾರಿನ ಮೇಲಕ್ಕೆ ಒಯ್ಯುವ ಲಿಫ್ಟ್‌ಗಳಿವೆ, ಕಲಿಸುವವರಿದ್ದಾರೆ. ಖರ್ಚು ಆಲ್ಪ್ಸ್‌ನ ಹೆಸರುವಾಸಿ ಊರುಗಳಿಗಿಂತ ಸಾಕಷ್ಟು ಕಮ್ಮಿ.

ಆದರೆ ದೇಶ ಅಗ್ಗ ಅಂದ ಮಾತ್ರಕ್ಕೆ ಪ್ರವಾಸ ಅಗ್ಗವಾಗುವುದಿಲ್ಲ. ನಕ್ಷೆಯಲ್ಲಿ ಪಕ್ಕದಲ್ಲೇ ಕಂಡ ಊರು ತಲುಪಲು ಒಂದೂವರೆ ದಿನ ಹಿಡಿಯಬಹುದು. ಹಾಗಾಗಿ ಕೊನೆಯವರೆಗೂ ಎರಡು ಅಳತೆಗಳನ್ನು ಕೈಯಲ್ಲಿ ಇಟ್ಟುಕೊಳ್ಳಿ. ಹತ್ತಿರವೋ ದೂರವೋ ಎಂಬುದನ್ನು ಮನೆ ಬಾಗಿಲಿನಿಂದ ಹಿಮದ ಮೇಲೆ ಕಾಲಿಡುವವರೆಗಿನ ಗಂಟೆಗಳಲ್ಲಿ ಅಳೆಯಿರಿ. ಅಗ್ಗವೋ ದುಬಾರಿಯೋ ಎಂಬುದನ್ನು ಒಂದು ದಿನದ ಸ್ಕೀಗೆ ಬಿದ್ದ ಒಟ್ಟು ಖರ್ಚಿನಲ್ಲಿ ಅಳೆಯಿರಿ.

ಹೆಜ್ಜೆ 1: ಹೋಗುವವರು ಯಾರು ಎಂದು ಮೊದಲು ನೋಡಿ

ಊರು ಹುಡುಕುವ ಮೊದಲು ನಿಮ್ಮ ಗುಂಪನ್ನು ನೋಡಿ. ಎಲ್ಲರೂ ಮೊದಲ ಸಲ ಹಿಮ ಮೆಟ್ಟುವವರಾದರೆ ನೂರಾರು ಕಿಲೋಮೀಟರ್ ಇಳಿಜಾರು ಇರುವ ದೊಡ್ಡ ರೆಸಾರ್ಟ್ ಬೇಡವೇ ಬೇಡ. ಮೊದಲ ವಾರ ಕಲಿಯುವವರು ಓಡಾಡುವುದು ಬೆಟ್ಟದ ಬುಡದ ಎರಡು ಮೂರು ಇಳಿಜಾರುಗಳಲ್ಲಿ ಮಾತ್ರ. ಬಳಸದೇ ಇರುವ ಬೆಟ್ಟಕ್ಕೆ ಸುಮ್ನೆ ಯಾಕೆ ದುಡ್ಡು ಕೊಡಬೇಕು?

ಪ್ರತಿ ರೆಸಾರ್ಟ್‌ನ ವೆಬ್‌ಸೈಟಿನಲ್ಲೂ ಇಳಿಜಾರುಗಳ ನಕ್ಷೆ ಇರುತ್ತದೆ. ಅದನ್ನು ದೊಡ್ಡದು ಮಾಡಿ ನಿಧಾನವಾಗಿ ಓದಿ. ಯುರೋಪಿನಲ್ಲಿ ಸಾಮಾನ್ಯವಾಗಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ಕೆಲವು ದೇಶಗಳಲ್ಲಿ ನೀಲಿಗಿಂತ ಸುಲಭವಾದ ಹಸಿರೂ ಇದೆ. ಉತ್ತರ ಅಮೆರಿಕದಲ್ಲಿ ಲೆಕ್ಕ ಬೇರೆ: ಹಸಿರು ವೃತ್ತ ಸುಲಭ, ನೀಲಿ ಚೌಕ ಮಧ್ಯಮ, ಕಪ್ಪು ವಜ್ರ ಕಠಿಣ. ಅಲ್ಲಿನ ನೀಲಿಯನ್ನು ಯುರೋಪಿನ ನೀಲಿ ಅಂದುಕೊಂಡು ಇಳಿಯಬೇಡಿ.

ನಕ್ಷೆಯಲ್ಲಿ ಹಸಿರು, ನೀಲಿ ಗೆರೆಗಳು ಎಲ್ಲಿವೆ ಎಂಬುದೂ ಮುಖ್ಯ. ಬುಡದಲ್ಲಿ ಒಂದು ತುಂಡು ನೀಲಿ, ಮೇಲೆಲ್ಲ ಕೆಂಪು ಎಂದಿದ್ದರೆ ಮೂರನೇ ದಿನಕ್ಕೆ ಬೇಸರ ಬರುತ್ತದೆ. ತುದಿಯಿಂದ ಬುಡದವರೆಗೆ ಒಂದು ಉದ್ದನೆಯ ನೀಲಿ ಗೆರೆ ಇಳಿದು ಬಂದಿದ್ದರೆ ಅದು ಕಲಿಯುವವರಿಗೆ ಹೇಳಿ ಮಾಡಿಸಿದ ಬೆಟ್ಟ. ಲಿಫ್ಟ್‌ನಲ್ಲಿ ಮೇಲೆ ಹೋಗಿ, ಪೂರ್ತಿ ಬೆಟ್ಟವನ್ನು ನಿಧಾನವಾಗಿ ಇಳಿದು ಬರುವ ಖುಷಿ ಮೊದಲ ವಾರದಲ್ಲೇ ಸಿಗುತ್ತದೆ. ಮ್ಯಾಜಿಕ್ ಕಾರ್ಪೆಟ್ ಇದೆಯೇ ಎಂದೂ ಹುಡುಕಿ. ನಿಂತಲ್ಲೇ ಮೇಲಕ್ಕೆ ಒಯ್ಯುವ ಆ ಪಟ್ಟಿ ಇಲ್ಲದ ಕಡೆ ಮಕ್ಕಳು, ಹೊಸಬರು ಬೇಗ ಸುಸ್ತಾಗುತ್ತಾರೆ.

ಗುಂಪಿನಲ್ಲಿ ಸ್ಕೀ ಮಾಡದವರೂ ಇರುತ್ತಾರೆ, ಅಲ್ವಾ? ಅಂಥವರಿದ್ದರೆ ಪಕ್ಕದಲ್ಲೊಂದು ನಗರವೋ ಬಿಸಿನೀರಿನ ಬುಗ್ಗೆಯೋ ಇರುವ ಜಾಗ ನೋಡಿ. ಬಲ್ಗೇರಿಯಾದ ಬಾನ್ಸ್ಕೊ ಹಳೆಯ ಕಲ್ಲುಮನೆಗಳ ಊರು, ಹತ್ತಿರದಲ್ಲೇ ಬಿಸಿನೀರಿನ ಕೊಳಗಳಿವೆ. ಬೋಸ್ನಿಯಾದ ಯಾಹೊರಿನಾದಿಂದ ಸರಾಯೆವೊ ನಗರ ಸುಮಾರು 30 ಕಿಲೋಮೀಟರ್.

ಹೆಜ್ಜೆ 2: ದೂರವನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಿಂದ ವಿಮಾನ ನಿಲ್ದಾಣ, ಅಲ್ಲಿ ಕಾಯುವ ಹೊತ್ತು, ಹಾರಾಟ, ನಡುವೆ ವಿಮಾನ ಬದಲಿಸುವುದಿದ್ದರೆ ಅದು, ಇಳಿದ ಮೇಲೆ ಸಾಮಾನಿಗೆ ಕಾಯುವುದು, ಅಲ್ಲಿಂದ ಬೆಟ್ಟದ ದಾರಿ. ಎಲ್ಲವನ್ನೂ ಕೂಡಿ. ಆಗ ನೇರ ವಿಮಾನದ ಬೆಲೆ ಗೊತ್ತಾಗುತ್ತದೆ. ಎರಡು ಸಲ ವಿಮಾನ ಬದಲಿಸುವ ಅಗ್ಗದ ಟಿಕೆಟ್ ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ನುಂಗಿದರೆ ಅದು ಅಗ್ಗವಲ್ಲ.

ಕೊನೆಯ ತುಂಡು, ಅಂದರೆ ನಿಲ್ದಾಣದಿಂದ ಬೆಟ್ಟದವರೆಗಿನ ದಾರಿ, ಎಲ್ಲರೂ ಮರೆಯುವಂಥದ್ದು. ಅದರಲ್ಲೇ ದೊಡ್ಡ ವ್ಯತ್ಯಾಸವಿದೆ. ಕಜಾಕಿಸ್ತಾನದ ಶಿಂಬುಲಾಕ್ ಅಲ್ಮಾಟಿ ನಗರದಿಂದ ಸುಮಾರು 25 ಕಿಲೋಮೀಟರ್. ನಗರದ ಬಸ್ ಹಿಡಿದು ಮೆಡೆಉ ಸ್ಕೇಟಿಂಗ್ ಅಂಗಳದವರೆಗೆ ಹೋಗಿ, ಅಲ್ಲಿಂದ ಗೊಂಡೋಲಾ (ತಂತಿಯ ಮೇಲೆ ಸಾಗುವ ಮುಚ್ಚಿದ ಲಿಫ್ಟ್) ಹತ್ತಿದರೆ ಆಯಿತು. ಟರ್ಕಿಯ ಎರ್ಜಿಯೆಸ್ ಕೂಡ ಕೈಸೆರಿ ನಗರದಿಂದ ಅಷ್ಟೇ ದೂರ. ಪಲಾಂಡೊಕೆನ್ ಅಂತೂ ಎರ್ಜುರುಮ್ ನಗರದ ಅಂಚಿನಲ್ಲೇ ಇದೆ. ಬಲ್ಗೇರಿಯಾದ ಬೊರೊವೆಟ್ಸ್ ಸೋಫಿಯಾದಿಂದ ಸುಮಾರು 70 ಕಿಲೋಮೀಟರ್, ಬಾನ್ಸ್ಕೊ ಸುಮಾರು 160. ಜಾರ್ಜಿಯಾದ ಗುಡೌರಿ ಟಿಬಿಲಿಸಿಯಿಂದ ಸುಮಾರು 120. ಕಿರ್ಗಿಸ್ತಾನದ ಕರಾಕೊಲ್‌ನ ಹಿಮ ಚೆನ್ನ, ಬೆಲೆ ಕಮ್ಮಿ, ಆದರೆ ಬಿಷ್ಕೆಕ್‌ನಿಂದ ಸುಮಾರು 400 ಕಿಲೋಮೀಟರ್ ರಸ್ತೆ. ನಾಲ್ಕು ದಿನದ ರಜೆಗೆ ಅದು ಸೇರದು. ಅಂಡೋರಾದಲ್ಲಿ ವಿಮಾನಗಳು ಬಂದಿಳಿಯುವ ದೊಡ್ಡ ನಿಲ್ದಾಣವಿಲ್ಲ. ಬಾರ್ಸಿಲೋನಾದಿಂದಲೋ ಟುಲೂಸ್‌ನಿಂದಲೋ ಬಸ್ಸಿನಲ್ಲಿ ಮೂರು ಗಂಟೆಯ ಮೇಲೆ ಕೂರಬೇಕು.

ವಿಮಾನ ಇಳಿಯುವ ಸಮಯವನ್ನೂ ನೋಡಿ. ನಡುರಾತ್ರಿ ಇಳಿದರೆ ಬಸ್ ಇರುವುದಿಲ್ಲ. ಟ್ಯಾಕ್ಸಿ ದುಬಾರಿ, ಇಲ್ಲವೇ ನಗರದಲ್ಲಿ ಒಂದು ರಾತ್ರಿಯ ಕೋಣೆ ಬಾಡಿಗೆ. ಬೆಟ್ಟದ ರಸ್ತೆಗಳು ಹಿಮ ಬಿದ್ದಾಗ ಮುಚ್ಚುವುದೂ ಉಂಟು. ಗುಡೌರಿ ಇರುವುದು ರಷ್ಯಾದ ಕಡೆ ಹೋಗುವ ಹಳೆಯ ಸೇನಾ ಹೆದ್ದಾರಿಯಲ್ಲಿ. ಊರು ದಾಟಿದ ಮೇಲೆ ಬರುವ ಜ್ವಾರಿ ಕಣಿವೆ ಹಿಮಕುಸಿತದ ಭಯವಿದ್ದಾಗ ಮುಚ್ಚುತ್ತದೆ, ಲಾರಿಗಳು ಸಾಲುಗಟ್ಟುತ್ತವೆ. ಆದ್ದರಿಂದ ವಾಪಸ್ ಬರುವ ದಿನ ಬೆಟ್ಟದಿಂದ ನೇರ ವಿಮಾನಕ್ಕೆ ಓಡುವ ಯೋಜನೆ ಬೇಡ. ಹಿಂದಿನ ರಾತ್ರಿಯೇ ನಗರಕ್ಕೆ ಇಳಿದುಬಿಡಿ. ಅದೊಂದು ರಾತ್ರಿಯನ್ನು ಖರ್ಚಿನ ಪಟ್ಟಿಗೆ ಸೇರಿಸಿ.

ಹೆಜ್ಜೆ 3: ವೀಸಾ ಮತ್ತು ಹಣ

ವೀಸಾ ಸಿಗುತ್ತದೋ ಇಲ್ಲವೋ, ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವ ಮುಂಚೆಯೇ ಆ ದೇಶದ ಸರ್ಕಾರಿ ತಾಣದಲ್ಲಿ ನೋಡಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತಡವೆಂದರೆ 15 ದಿನ ಮೊದಲು. ಸಂದರ್ಶನದ ದಿನ ಸಿಗುವುದೇ ಕಷ್ಟವಾಗುವುದರಿಂದ ಆ 15 ದಿನವನ್ನು ನಂಬಿ ಕೂರಬೇಡಿ.

ಸ್ಲೊವಾಕಿಯಾ 2007ರಿಂದ ಷೆಂಗೆನ್‌ನಲ್ಲಿದೆ. ಬಲ್ಗೇರಿಯಾ, ರೊಮೇನಿಯಾ 2025ರ ಜನವರಿಯಲ್ಲಿ ಪೂರ್ತಿಯಾಗಿ ಸೇರಿವೆ. ಜಾರ್ಜಿಯಾ, ಸರ್ಬಿಯಾ, ಬೋಸ್ನಿಯಾ, ಟರ್ಕಿ ಹೊರಗಿವೆ, ಅವುಗಳದ್ದು ಬೇರೆ ಬೇರೆ ನಿಯಮ. ಬೇರೆ ಯಾವುದಾದರೂ ದೊಡ್ಡ ದೇಶದ ವೀಸಾ ನಿಮ್ಮ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿದ್ದರೆ ಈ ದೇಶಗಳಲ್ಲಿ ಕೆಲವು ಹಾಗೆಯೇ ಒಳಗೆ ಬಿಡುತ್ತವೆ. ಅದನ್ನು ವಿಚಾರಿಸಿ, ದುಡ್ಡೂ ಉಳಿಯುತ್ತದೆ, ಓಡಾಟವೂ ತಪ್ಪುತ್ತದೆ. ಗುಂಪಿನಲ್ಲಿ ಬೇರೆ ಬೇರೆ ದೇಶದ ಪಾಸ್‌ಪೋರ್ಟ್ ಇದ್ದರೆ ಪ್ರತಿಯೊಬ್ಬರದ್ದನ್ನೂ ಬೇರೆಯಾಗಿ ನೋಡಬೇಕು.

ಬಲ್ಗೇರಿಯಾ 2026ರ ಜನವರಿಯಿಂದ ಯೂರೋ ಬಳಸುತ್ತಿದೆ. ಹಳೆಯ ಲೇಖನಗಳಲ್ಲಿ ಅಲ್ಲಿನ ಹಿಂದಿನ ಹಣವಾದ ಲೆವ್ ಲೆಕ್ಕದಲ್ಲಿ ಬರೆದ ದರಗಳನ್ನು ನಂಬಬೇಡಿ.

ಹೆಜ್ಜೆ 4: ಹಿಮ ಇರುತ್ತದೆಯೇ?

ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಹಿಮವೇ ಇಲ್ಲದಿದ್ದರೆ ಉಳಿಸಿದ ಹಣಕ್ಕೆ ಅರ್ಥವಿಲ್ಲ.

ಮೊದಲು ಎತ್ತರ ನೋಡಿ. ಸಾವಿರ ಮೀಟರ್ ಮೇಲೇರಿದಂತೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಹಾಗಾಗಿ ಕೆಳಗೆ ಮಳೆ ಸುರಿಯುವಾಗ ಮೇಲೆ ಹಿಮ ಬೀಳುತ್ತಿರಬಹುದು. ಜಾಹೀರಾತಿನಲ್ಲಿ ತುದಿಯ ಎತ್ತರ ಮಾತ್ರ ದೊಡ್ಡದಾಗಿ ಬರೆದಿರುತ್ತಾರೆ. ನೀವು ಕೇಳಬೇಕಾದ್ದು ಬುಡದ ಎತ್ತರ, ಯಾಕೆಂದರೆ ಹೊಸಬರ ಇಳಿಜಾರು ಹೆಚ್ಚಾಗಿ ಅಲ್ಲೇ ಇರುತ್ತದೆ. ಬಾನ್ಸ್ಕೊ ಊರು ಇರುವುದು ಸಾವಿರ ಮೀಟರಿಗಿಂತ ಕೊಂಚ ಕೆಳಗೆ, ಆದರೆ ಸ್ಕೀ ಇಳಿಜಾರುಗಳು ಸುಮಾರು 2,600 ಮೀಟರ್‌ವರೆಗೂ ಇವೆ. ಊರಿನ ಬೀದಿಯಲ್ಲಿ ಹಿಮ ಕಾಣದಿದ್ದರೂ ಮೇಲೆ ಇರಬಹುದು. ಗುಡೌರಿಯ ಊರೇ ಸುಮಾರು 2,200 ಮೀಟರಿನಲ್ಲಿದೆ, ಲಿಫ್ಟ್ ಸುಮಾರು 3,280ರವರೆಗೆ ಏರುತ್ತದೆ. ಶಿಂಬುಲಾಕ್ ಸುಮಾರು 2,260ರಿಂದ 3,200 ಮೀಟರ್. ಮಾರ್ಚ್‌ನಲ್ಲಿ ಹೋಗುವುದಾದರೆ ನಾನು ಇಂಥ ಎತ್ತರದ ಬುಡವನ್ನೇ ಆರಿಸುತ್ತೇನೆ.

ಎತ್ತರದ ಜೊತೆಗೆ ಮುಖ ಯಾವ ಕಡೆ ಎಂದು ನೋಡಿ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ಹಿಮ ಜಾಸ್ತಿ ದಿನ ಉಳಿಯುತ್ತದೆ. ದಕ್ಷಿಣದ ಇಳಿಜಾರು ಬೆಳಗ್ಗೆ ಗಟ್ಟಿ, ಮಧ್ಯಾಹ್ನ ಮೆತ್ತಗೆ, ಸಂಜೆಗೆ ಮತ್ತೆ ಗಟ್ಟಿ. ಕೃತಕ ಹಿಮದ ಯಂತ್ರಗಳಿವೆ ಎಂದು ಹೇಳಿದರೂ ಪೂರ್ತಿ ನೆಮ್ಮದಿ ಪಡಬೇಡಿ. ಅವುಗಳಿಗೂ ಚಳಿ ಬೇಕು, ಒಣ ಗಾಳಿ ಬೇಕು. ಬೆಚ್ಚಗಿನ ವಾರದಲ್ಲಿ ಅವೂ ಸುಮ್ಮನೆ ನಿಂತಿರುತ್ತವೆ.

ಮರಗಳ ವಿಷಯವನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಗುಡೌರಿ, ಎರ್ಜಿಯೆಸ್‌ನಂಥ ಬೆಟ್ಟಗಳು ಬೋಳು. ಬಿಸಿಲಿದ್ದ ದಿನ ಅಲ್ಲಿ ಕಣ್ಣು ಹಾಯಿಸಿದಷ್ಟೂ ಬಿಳುಪು, ಎಲ್ಲಿ ಬೇಕಾದರೂ ತಿರುಗಬಹುದು, ಅದರ ಸೊಗಸೇ ಬೇರೆ. ಮೋಡ ಇಳಿದ ದಿನ ಆಕಾಶ ಯಾವುದು, ನೆಲ ಯಾವುದು ಗೊತ್ತಾಗುವುದಿಲ್ಲ. ಕಾಲ ಕೆಳಗಿನ ಇಳಿಜಾರು ಎಷ್ಟು ಕಡಿದು ಎಂಬುದೂ ಕಾಣುವುದಿಲ್ಲ. ನಿಂತೇ ಇದ್ದೇವೆ ಅಂದುಕೊಂಡವರು ನಿಧಾನವಾಗಿ ಜಾರುತ್ತಿರುತ್ತಾರೆ. ಗಾಳಿ ಜೋರಾದರೆ ಮೇಲಿನ ಲಿಫ್ಟ್‌ಗಳನ್ನೂ ನಿಲ್ಲಿಸುತ್ತಾರೆ. ಕಾಡಿನ ನಡುವೆ ಇಳಿಜಾರು ಕಡಿದಿರುವ ಜಾರ್ಜಿಯಾದ ಬಾಕುರಿಯಾನಿ, ಬಲ್ಗೇರಿಯಾದ ಬೊರೊವೆಟ್ಸ್, ಬಾನ್ಸ್ಕೊಗಳಲ್ಲಿ ಅಂಥ ದಿನವೂ ಎರಡು ಕಡೆಯ ಮರಗಳು ದಾರಿ ತೋರಿಸುತ್ತವೆ, ಗಾಳಿಯನ್ನೂ ತಡೆಯುತ್ತವೆ. ಇರುವುದೇ ನಾಲ್ಕು ದಿನ ಅನ್ನುವವರಿಗೆ ಮರಗಳಿರುವ ಬೆಟ್ಟವೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹೆಜ್ಜೆ 5: ಯಾವ ವಾರ?

ಅದೇ ಕೋಣೆ, ಅದೇ ವಿಮಾನ, ಬೆಲೆ ಮಾತ್ರ ಎರಡು ಪಟ್ಟಾಗಬಹುದು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಎಲ್ಲ ಕಡೆ ದುಬಾರಿ. ಆರ್ಥಡಾಕ್ಸ್ ಕ್ರಿಸ್‌ಮಸ್ ಜನವರಿ 7ಕ್ಕೆ ಬರುವುದರಿಂದ ಜಾರ್ಜಿಯಾ, ಸರ್ಬಿಯಾದಲ್ಲಿ ಆ ಗದ್ದಲ ಇನ್ನೊಂದು ವಾರ ಮುಂದುವರಿಯುತ್ತದೆ. ಟರ್ಕಿಯಲ್ಲಿ ಜನವರಿ ಕೊನೆಯ ಹೊತ್ತಿಗೆ ಶಾಲೆಗಳಿಗೆ ಎರಡು ವಾರ ರಜೆ. ಇಸ್ತಾಂಬುಲ್‌ಗೆ ಹತ್ತಿರವಾದ ಉಲುದಾಗ್ ಆಗ ಕಿಕ್ಕಿರಿದಿರುತ್ತದೆ. ಫೆಬ್ರವರಿಯಲ್ಲಿ ಯುರೋಪಿನ ಶಾಲಾ ರಜೆಗಳು ಒಂದರ ಹಿಂದೊಂದು ಬರುತ್ತವೆ. ಮಾರ್ಚ್ 20ರ ಆಸುಪಾಸಿನಲ್ಲಿ ನೌರುಜ್ ಹಬ್ಬ, ಅಜರ್‌ಬೈಜಾನ್ ಮತ್ತು ಮಧ್ಯ ಏಷ್ಯಾದಲ್ಲಿ ರಜೆಯ ಕಾಲ.

ಉಳಿದದ್ದು ಏನು? ಜನವರಿ ಎರಡನೇ, ಮೂರನೇ ವಾರ. ಚಳಿ ಜೋರು, ಹಗಲು ಚಿಕ್ಕದು, ಆದರೆ ಹಿಮ ಗಟ್ಟಿಯಾಗಿ ಕೂತಿರುತ್ತದೆ ಮತ್ತು ಜನ ಕಮ್ಮಿ. ಎತ್ತರದ ಬೆಟ್ಟಗಳಲ್ಲಿ ಮಾರ್ಚ್ ಮೊದಲ ಅರ್ಧವೂ ಬಲು ಚೆನ್ನ. ಹಗಲು ಉದ್ದ, ಬಿಸಿಲು ಹಿತ, ಮಕ್ಕಳಿಗೆ ಸುಖ. ಡಿಸೆಂಬರ್ ಮೊದಲ ವಾರದ ಅಗ್ಗದ ಕೊಡುಗೆಗಳನ್ನು ಮಾತ್ರ ದೂರವಿಡಿ. ಆಗ ಎಷ್ಟೋ ಲಿಫ್ಟ್‌ಗಳು ಶುರುವೇ ಆಗಿರುವುದಿಲ್ಲ.

ನಗರಕ್ಕೆ ಹತ್ತಿರವಿರುವ ಬೆಟ್ಟಗಳಿಗೆ ಶನಿವಾರ, ಭಾನುವಾರ ಊರವರೆಲ್ಲ ಬರುತ್ತಾರೆ. ಶಿಂಬುಲಾಕ್, ಬೊರೊವೆಟ್ಸ್‌ನಂಥ ಕಡೆ ಸೋಮವಾರದಿಂದ ಶುಕ್ರವಾರದವರೆಗೆ ಸ್ಕೀ ಮಾಡಿ, ವಾರಾಂತ್ಯ ನಗರ ನೋಡುವುದು ಜಾಣತನ.

ಹೆಜ್ಜೆ 6: ಒಟ್ಟು ಲೆಕ್ಕ

ಈಗ ಉಳಿದ ಎರಡು ಮೂರು ತಾಣಗಳಿಗೆ ಪೂರ್ತಿ ಖರ್ಚು ಬರೆಯಿರಿ. ವಿಮಾನ, ಹೆಚ್ಚುವರಿ ಸಾಮಾನಿನ ಶುಲ್ಕ, ವೀಸಾ, ನಿಲ್ದಾಣದಿಂದ ಹೋಗಿಬರುವುದು, ಕೋಣೆ, ಲಿಫ್ಟ್ ಪಾಸ್, ಸ್ಕೀ ಮತ್ತು ಬೂಟಿನ ಬಾಡಿಗೆ, ಬಟ್ಟೆ, ಪಾಠ, ಊಟ, ವಿಮೆ. ಬಂದ ಮೊತ್ತವನ್ನು ರಜೆಯ ದಿನಗಳಿಂದ ಅಲ್ಲ, ನಿಜವಾಗಿ ಸ್ಕೀ ಮಾಡುವ ದಿನಗಳಿಂದ ಭಾಗಿಸಿ.

ಯಾವ ಹಣವಾದರೂ ಸರಿ, ಒಂದು ಉದಾಹರಣೆ ನೋಡಿ. ಒಂದು ಕಡೆ ಒಟ್ಟು ಖರ್ಚು 800, ಆದರೆ ದಾರಿಯಲ್ಲೇ ದಿನ ಕಳೆದು ಸ್ಕೀಗೆ ಸಿಗುವುದು 4 ದಿನ. ದಿನಕ್ಕೆ 200 ಬಿತ್ತು. ಇನ್ನೊಂದು ಕಡೆ ಒಟ್ಟು 900, ಸಿಗುವುದು 6 ದಿನ. ದಿನಕ್ಕೆ 150. ಜಾಸ್ತಿ ದುಡ್ಡು ಕೇಳಿದ ಊರೇ ಇಲ್ಲಿ ಅಗ್ಗ. ಈ ಭಾಗಾಕಾರ ಮಾಡದೆ ಯಾವ ಊರನ್ನೂ ಆರಿಸಬೇಡಿ.

ಉಳಿಸಬಹುದಾದ ಜಾಗಗಳೂ ಇವೆ. ಮೊದಲ ಸಲ ಹೋಗುವವರು ಪೂರ್ತಿ ವಾರದ ಲಿಫ್ಟ್ ಪಾಸ್ ಕೊಳ್ಳಬೇಡಿ. ಮೊದಲ ಎರಡು ದಿನ ಹೊಸಬರ ಜಾಗದಲ್ಲೇ ಕಳೆಯುತ್ತವೆ; ಅಲ್ಲಿಗೆ ಬೇರೆ ಅಗ್ಗದ ಟಿಕೆಟ್ ಇರುತ್ತದೆ, ಕೆಲವೆಡೆ ಟಿಕೆಟ್ಟೇ ಬೇಡ. ಸ್ಲೊವಾಕಿಯಾದ ಯಾಸ್ನಾದಂಥ ಕಡೆ ಪಾಸಿನ ಬೆಲೆ ದಿನದಿಂದ ದಿನಕ್ಕೆ ಬದಲಾಗುತ್ತದೆ, ಆನ್‌ಲೈನ್‌ನಲ್ಲಿ ಮುಂಚೆ ಕೊಂಡವರಿಗೆ ಲಾಭ. ಜಾಕೆಟ್, ಪ್ಯಾಂಟ್ ಗೆಳೆಯರಿಂದ ಕಡ ತನ್ನಿ ಅಥವಾ ಅಲ್ಲೇ ಬಾಡಿಗೆ ಪಡೆಯಿರಿ. ಸ್ವಂತಕ್ಕೆ ಕೊಳ್ಳಬೇಕಾದ್ದು ಕೈಗವಸು, ಉದ್ದನೆಯ ಸ್ಕೀ ಕಾಲುಚೀಲ, ಗಾಗಲ್ಸ್. ಅಡುಗೆಮನೆ ಇರುವ ಕೋಣೆ ಹಿಡಿದರೆ ಬೆಟ್ಟದ ಮೇಲಿನ ಹೋಟೆಲ್ ಊಟದ ಖರ್ಚು ಅರ್ಧಕ್ಕೆ ಇಳಿಯಬಹುದು.

ಹೆಜ್ಜೆ 7: ಉಳಿಯುವ ಜಾಗ

‘ಲಿಫ್ಟ್‌ಗೆ ಐದು ನಿಮಿಷ’ ಎಂದು ಬರೆದಿದ್ದರೆ ನಡೆದೋ ಕಾರಿನಲ್ಲೋ ಎಂದು ಕೇಳಿ. ಸ್ಕೀ ಬೂಟು ಹಾಕಿಕೊಂಡು, ಹೆಗಲ ಮೇಲೆ ಸ್ಕೀ ಹೊತ್ತು, ಮಂಜುಗಟ್ಟಿದ ಏರು ರಸ್ತೆಯಲ್ಲಿ ಐದು ನಿಮಿಷ ಎಂದರೆ ಹದಿನೈದು. ಬಾನ್ಸ್ಕೊದಲ್ಲಿ ಊರಿನಿಂದ ಬೆಟ್ಟಕ್ಕೆ ಹೋಗಲು ಒಂದೇ ಗೊಂಡೋಲಾ. ಮೇಲೆ ತಲುಪಲು ಸುಮಾರು 25 ನಿಮಿಷ ಬೇಕು. ಜನ ಜಾಸ್ತಿ ಇರುವ ವಾರಗಳಲ್ಲಿ ಬೆಳಗ್ಗೆ ಅಲ್ಲಿ ಉದ್ದ ಸರದಿ. ಅಲ್ಲಿ ಕೋಣೆ ಹಿಡಿಯುವುದಾದರೆ ಗೊಂಡೋಲಾದ ಹತ್ತಿರವೇ ಹಿಡಿದು, ಬಾಗಿಲು ತೆಗೆಯುವ ಹೊತ್ತಿಗೆ ನಿಂತಿರಬೇಕು. ಹತ್ತಿರದ ಕೋಣೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ಭಾಗಾಕಾರದಲ್ಲಿ ಅದು ಗಿಟ್ಟುತ್ತದೆ.

ಹೆಜ್ಜೆ 8: ಬೂಟು, ಬಾಡಿಗೆ, ಪಾಠ

ಬಾಡಿಗೆ ಅಂಗಡಿಯಲ್ಲಿ ಸ್ಕೀಗಿಂತ ಬೂಟಿಗೆ ಹೆಚ್ಚು ಹೊತ್ತು ಕೊಡಿ. ಒಂದೇ ತೆಳು ಕಾಲುಚೀಲ ಹಾಕಿ. ಪ್ಯಾಂಟಿನ ಅಂಚು ಬೂಟಿನ ಒಳಗೆ ಸಿಕ್ಕಿಕೊಳ್ಳಬಾರದು. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಬಕಲ್ ಬಿಗಿಯಿರಿ. ನೇರ ನಿಂತಾಗ ಬೆರಳ ತುದಿ ಮುಂದಕ್ಕೆ ಸ್ವಲ್ಪ ತಾಗಬೇಕು. ಮೊಣಕಾಲು ಮಡಚಿ ಮುಂದೆ ಬಾಗಿದಾಗ ಬೆರಳು ಹಿಂದಕ್ಕೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಸಡಿಲ ಬೂಟು ಅಂಗಡಿಯಲ್ಲಿ ಹಾಯೆನಿಸುತ್ತದೆ, ಇಳಿಜಾರಿನಲ್ಲಿ ಸ್ಕೀ ಮಾತು ಕೇಳುವುದಿಲ್ಲ. ಹತ್ತು ನಿಮಿಷ ಹಾಕಿಕೊಂಡು ನಡೆದಾಡಿ, ನೋವಿದ್ದರೆ ಬದಲಿಸಿ ಕೇಳಿ.

ಬಿದ್ದಾಗ ಸ್ಕೀ ತಾನಾಗಿ ಕಳಚಿಕೊಳ್ಳುವಂತೆ ಬೈಂಡಿಂಗ್, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ, ಹೊಂದಿಸುತ್ತಾರೆ. ಅದು ನಿಮ್ಮ ತೂಕ, ಎತ್ತರ, ವಯಸ್ಸು, ಅನುಭವ, ಬೂಟಿನ ಅಟ್ಟೆಯ ಉದ್ದದ ಮೇಲೆ ನಿಂತಿದೆ. ಸಂಕೋಚಪಟ್ಟು ತೂಕ ಕಡಿಮೆ ಹೇಳಬೇಡಿ, ಅನುಭವ ಹೆಚ್ಚು ಹೇಳಬೇಡಿ. ಮೊಣಕಾಲು ಉಳಿಯುವುದು ಈ ಲೆಕ್ಕ ಸರಿಯಿದ್ದಾಗ. ಹೆಲ್ಮೆಟ್ ಬಾಡಿಗೆಗೆ ಸಿಗುತ್ತದೆ, ಬಿಡಲೇಬೇಡಿ. ಒತ್ತೆಯಾಗಿ ಪಾಸ್‌ಪೋರ್ಟ್ ಕೇಳಿದರೆ ಕೊಡದೆ, ನಕಲು ಪ್ರತಿಯೋ ಸ್ವಲ್ಪ ನಗದೋ ಸಾಕೇ ಎಂದು ಕೇಳಿ.

ಪಾಠದಲ್ಲಿ ಉಳಿತಾಯ ಮಾಡಬೇಡಿ. ಗೆಳೆಯ ಕಲಿಸುತ್ತಾನೆ ಎಂಬ ಭರವಸೆಯ ಮೇಲೆ ಹೋದವರು ಸಾಮಾನ್ಯವಾಗಿ ಗೆಳೆಯನ ರಜೆಯನ್ನೂ ಕೆಡಿಸುತ್ತಾರೆ. ಕನಿಷ್ಠ ಮೂರು ದಿನ, ದಿನಕ್ಕೆ ಎರಡು ಗಂಟೆಯಾದರೂ ಕಲಿಯಿರಿ. ಯಾವ ಭಾಷೆಯಲ್ಲಿ ಕಲಿಸುತ್ತಾರೆ, ಗುಂಪಿನಲ್ಲಿ ಎಷ್ಟು ಜನ ಎಂದು ಮುಂಚೆಯೇ ಕೇಳಿ. ಖಾಸಗಿ ಪಾಠ ಆಲ್ಪ್ಸ್‌ನಲ್ಲಿ ಕೈ ಸುಡುತ್ತದೆ. ಜಾರ್ಜಿಯಾ, ಬೋಸ್ನಿಯಾದಂಥ ಕಡೆ ಅದೇ ಹಣಕ್ಕೆ ಹೆಚ್ಚು ಗಂಟೆ ಸಿಗುತ್ತದೆ. ನನ್ನ ಪ್ರಕಾರ ಹೊಸಬರು ಇಂಥ ದೇಶಗಳನ್ನು ಆರಿಸಲು ಇದೇ ಬಲವಾದ ಕಾರಣ.

ಹೆಜ್ಜೆ 9: ವಿಮೆ

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಆದರೆ ವೀಸಾಕ್ಕೆಂದು ಕೊಂಡ ವಿಮೆಯಲ್ಲಿ ಸ್ಕೀ ಇರಬೇಕೆಂದೇನೂ ಇಲ್ಲ. ಪಾಲಿಸಿಯಲ್ಲಿ ‘ಚಳಿಗಾಲದ ಕ್ರೀಡೆ’ ಎಂಬ ಮಾತು ಇದೆಯೇ ನೋಡಿ. ಬೆಟ್ಟದಿಂದ ಕೆಳಗಿಳಿಸುವ ಖರ್ಚು, ಹೆಲಿಕಾಪ್ಟರ್, ಎತ್ತರದ ಮಿತಿ, ಗುರುತಿಸಿದ ಇಳಿಜಾರಿನ ಹೊರಗೆ ಹೋದರೆ ಏನು ಎಂಬುದನ್ನು ಓದಿ. ನೀವು ಬೇರೆಯವರಿಗೆ ಡಿಕ್ಕಿ ಹೊಡೆದರೆ ಕೊಡಬೇಕಾದ ಪರಿಹಾರವೂ ಅದರಲ್ಲಿರಲಿ. ಇಟಲಿಯಲ್ಲಿ 2022ರಿಂದ ಅಂಥ ವಿಮೆ ಇಲ್ಲದೆ ಸ್ಕೀ ಮಾಡುವಂತಿಲ್ಲ.

ಹೆಜ್ಜೆ 10: ಯಾರಿಗೆ ಯಾವುದು

ಚಿಕ್ಕ ಮಕ್ಕಳ ಕುಟುಂಬಕ್ಕೆ ನಾನು ಮೊದಲು ಹೇಳುವುದು ಬಾಕುರಿಯಾನಿ. ಕಾಡಿನ ನಡುವಿನ ಊರು, ಸೌಮ್ಯ ಇಳಿಜಾರುಗಳಿವೆ. ಹಾಗೆಂದು ಸಾಮಾನ್ಯ ಬೆಟ್ಟವೇನಲ್ಲ. 2023ರಲ್ಲಿ ಫ್ರೀಸ್ಟೈಲ್ ಸ್ಕೀ ಮತ್ತು ಸ್ನೋಬೋರ್ಡ್ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಅಲ್ಲೇ. ಸ್ವಲ್ಪ ಪಳಗಿದವರಿಗೆ, ಅಗಲವಾದ ಬೆಟ್ಟ ಬಯಸುವವರಿಗೆ ಗುಡೌರಿ. ನಾಲ್ಕೈದು ದಿನ ಮಾತ್ರ ಇರುವವರಿಗೆ ಶಿಂಬುಲಾಕ್ ಅಥವಾ ಪಲಾಂಡೊಕೆನ್, ಯಾಕೆಂದರೆ ದಾರಿಯಲ್ಲಿ ಸಮಯ ಹೋಗುವುದಿಲ್ಲ. ಎರ್ಜುರುಮ್‌ನಲ್ಲಿ 2011ರಲ್ಲಿ ವಿಶ್ವ ವಿಶ್ವವಿದ್ಯಾಲಯಗಳ ಚಳಿಗಾಲದ ಕ್ರೀಡಾಕೂಟ ನಡೆದಿತ್ತು. ಚಳಿ ಮಾತ್ರ ಕಡುವಾದದ್ದು, ಬಟ್ಟೆ ಗಟ್ಟಿಯಿರಲಿ. ಷೆಂಗೆನ್ ವೀಸಾ ಇದ್ದವರಿಗೆ, ಪೂರ್ತಿ ವಾರ ಇರುವವರಿಗೆ ಬಾನ್ಸ್ಕೊ. ಕಮ್ಮಿ ಖರ್ಚಿನಲ್ಲಿ ಒಳ್ಳೆಯ ಇಳಿಜಾರು ಬೇಕೆಂದರೆ 1984ರ ಒಲಿಂಪಿಕ್ಸ್‌ನ ಮಹಿಳಾ ಆಲ್ಪೈನ್ ಸ್ಪರ್ಧೆಗಳು ನಡೆದ ಯಾಹೊರಿನಾ. ಜೂನ್‌ನಿಂದ ಸೆಪ್ಟೆಂಬರ್ ನಡುವೆಯೇ ರಜೆ ಸಿಗುವವರಿಗೆ ಚಿಲಿ, ಅರ್ಜೆಂಟೀನಾ, ನ್ಯೂಜಿಲೆಂಡ್ ಇವೆ. ಆದರೆ ಭೂಮಧ್ಯರೇಖೆಯ ಆಚೆ ದೂರದಲ್ಲಿರುವವರಿಗೆ ಅವು ಹತ್ತಿರವೂ ಅಲ್ಲ, ಅಗ್ಗವೂ ಅಲ್ಲ.

ಹೆಜ್ಜೆ 11: ದುಡ್ಡು ಕಟ್ಟುವ ಕ್ರಮ

ಮೊದಲು ವೀಸಾದ ಸ್ಥಿತಿ ಖಚಿತ ಮಾಡಿಕೊಳ್ಳಿ, ಆಮೇಲೆ ವಿಮಾನ, ಅದೇ ದಿನ ವಿಮೆ (ಷೆಂಗೆನ್ ವೀಸಾ ಬೇಕಿದ್ದರೆ ವಿಮೆಯನ್ನು ಅರ್ಜಿಗೆ ಮೊದಲೇ ಕೊಳ್ಳಿ). ಕೋಣೆಯನ್ನು ರದ್ದು ಮಾಡಲು ಅವಕಾಶ ಇರುವಂತೆ ಹಿಡಿಯಿರಿ. ಪಾಠವನ್ನು ಎರಡು ಮೂರು ವಾರ ಮುಂಚೆ ಕಾದಿರಿಸಿದರೆ ಸಾಕು, ಹಬ್ಬದ ವಾರಗಳಾದರೆ ಇನ್ನೂ ಬೇಗ. ಹೊರಡುವ ವಾರದಲ್ಲಿ ರೆಸಾರ್ಟ್‌ನ ವೆಬ್ ಕ್ಯಾಮೆರಾ ದಿನಾ ನೋಡಿ. ತುದಿಯ ಕ್ಯಾಮೆರಾ ಅಲ್ಲ, ಬುಡದ್ದು. ಎಷ್ಟು ಲಿಫ್ಟ್ ಓಡುತ್ತಿವೆ ಎಂಬ ಪಟ್ಟಿಯನ್ನೂ ನೋಡಿ. ಬುಡದಲ್ಲಿ ಹುಲ್ಲು ಕಾಣುತ್ತಿದ್ದು, ಹೊಸಬರ ಲಿಫ್ಟ್ ನಿಂತಿದ್ದರೆ ಅಲ್ಲಿನ ಸ್ಕೀ ಶಾಲೆಗೆ ಒಂದು ಸಂದೇಶ ಕಳಿಸಿ, ಪಾಠವನ್ನು ಬೆಟ್ಟದ ಮಧ್ಯದಲ್ಲಿ ನಡೆಸುತ್ತಾರೆಯೇ, ಅದಕ್ಕೆ ಯಾವ ಪಾಸ್ ಬೇಕು ಎಂದು ಕೇಳಿಕೊಂಡೇ ಹೊರಡಿ.